ಬೊಂತೆಯೊಳಗಿನ ಗುಂಡಿ

ಸೂಜಿ ಯಾವುದಕ್ಕೋ ತಗಲಿತು, ಟಕ್ ಎಂದಿತು, ಅಥವಾ ಅವಳಿಗೆ ಮಾತ್ರ ಹಾಗೆ ಕೇಳಿಸಿತು, ಸಹನ ಬೆರಳನ್ನು ಅಲ್ಲೇ ಒತ್ತಿ ಹಿಡಿದಳು, ಅಂಗುಸ್ತಾನದ ತಣ್ಣನೆಯ ಲೋಹದೊಳಗೆ ಬೆರಳು ಬೆವರುತ್ತಿದೆ — ಚಾಪೆಯ ಆ ತುದಿಯಲ್ಲಿ ಅತ್ತೆ ಗಂಗರತ್ನಮ್ಮ ತಲೆ ಎತ್ತಲಿಲ್ಲ, ಕೇಳಿಸಿಲ್ಲ, ಕೇಳಿಸಿರಲಾರದು, ಮೂರು ಹಳೆ ಸೀರೆಗಳ ಕೆಳಗಿನ ಗುಂಡಿಯ ಸದ್ದು ಎಷ್ಟು ಕೇಳಿಸೀತು. ಏಳು ತಿಂಗಳ ಹೊಟ್ಟೆ ತೊಡೆಗೆ ಒತ್ತುತ್ತಿದೆ, ಹುಟ್ಟೋ ಕೂಸಿಗೆ ಹೊದಿಸೋಕೆ ಹಳೆ ಸೀರೆ ಪದರದ ಬೊಂತೆ ಬೇಕು ಎಂದು ಅತ್ತೆ ಕಾಮಸಮುದ್ರದಿಂದ ಬಸ್ಸಿನಲ್ಲಿ ಸೀರೆಗಳ ಗಂಟು ಹೊತ್ತು ಕೆಜಿಎಫ್‌ನ ಈ ಕ್ವಾರ್ಟರ್ಸಿಗೆ ಬಂದು ಹತ್ತು ದಿನ, ಗಂಡ ನಾಗೇಶ್ ತೀರಿಹೋಗಿ ನಾಲ್ಕು ತಿಂಗಳು, ಬಂದ ದಿನವೇ ಅತ್ತೆ ಹೇಳಿದ್ದರು, ಸೀರೆ ಆಕು, ಪಂಚೆ ಆಕು, ನಾಗೇಶಂದು ಒಂದು ಚೂರೂ ಬ್ಯಾಡ, ಸತ್ತೋರ ಬಟ್ಟೆ ಕೂಸಿನ ಮೈಮ್ಯಾಕೆ ಬೀಳಬಾರ್ದು, ಮಗನ ಹೆಸರು ಹೇಳುವಾಗ ದನಿ ಒಡೆಯಲಿಲ್ಲ, ಅದಕ್ಕೇ ಭಯ. ಅವನು ಸತ್ತ ಹನ್ನೊಂದನೆಯ ದಿನ ಬಟ್ಟೆಯೆಲ್ಲ ಗಂಟು ಕಟ್ಟಿ ಕೊಟ್ಟುಬಿಟ್ಟವರೂ ಇವರೇ, ಅಕ್ಕಿ ಡಬ್ಬದ ಹಿಂದೆ ಅವಳು ಬಚ್ಚಿಟ್ಟು ಉಳಿಸಿಕೊಂಡದ್ದು ಈ ಒಂದು ಕಾರ್ಖಾನೆಯ ಅಂಗಿ, ಸಿಕ್ಕಿಬಿದ್ದರೆ ಇದೂ ಹೋಗುತ್ತದೆ, ಆಮೇಲೆ ಮಗುವಿಗೆ ಇದು ನಿಮ್ಮಪ್ಪನದು ಎಂದು ಮುಟ್ಟಿಸಲು ಏನಿದೆ, ಒಂದು ಫೋಟೋ, ಫೋಟೋ ಬೆಚ್ಚಗಿರುವುದಿಲ್ಲ. ಬಂಗಾರಪೇಟೆಗೆ ಪಟ್ಟಿ ಬರೆದುಕೊಂಡು ಹೋಗಿದ್ದಳು, ಉದ್ದ ಸೂಜಿ, ದಪ್ಪ ದಾರ, ಅಂಗುಸ್ತಾನ, ಕತ್ತರಿ, ಸೀಮೆಸುಣ್ಣ, ಪರೀಕ್ಷೆಗೆ ಹೊರಟವಳ ಹಾಗೆ, ಅಂಗಡಿಯ ಓಂಕಾರಪ್ಪ ಪಟ್ಟಿ ನೋಡಿ ನಕ್ಕು, ಒಲಿಗೆ ಬಿಚ್ಚೋ ಕೊಕ್ಕೆನೂ ಒಂದು ತಗೊಳಮ್ಮಾ, ಕಲಿಯೋರು ಒಲಿಯೋದ್ಕಿಂತ ಬಿಚ್ಚೋದೇ ಜಾಸ್ತಿ, ಬೇಡ ಅಂದಳು, ಯಾಕೆ ಬೇಡ ಅಂದಳೋ — ನಿನ್ನೆ ಅತ್ತೆ ಹಾಲು ತರಲು ಹೋದಾಗ ಅಂಗಿಯ ಆರು ಬಿಳಿ ಗುಂಡಿ ಕತ್ತರಿಯಿಂದ ಕಿತ್ತಳು, ಏಳನೆಯದು ಕಪ್ಪು, ದೊಡ್ಡದು, ಯಾವುದೋ ಸ್ವೆಟರಿನದು, ಊರಿಗೆ ಹೋದಾಗ ಅತ್ತೆಯೇ ಹಾಕಿಕೊಟ್ಟದ್ದು, ನಾಗೇಶ್ ಎಲ್ಲರಿಗೂ ತೋರಿಸುತ್ತಿದ್ದ, ನಮ್ಮಮ್ಮನ ಒಲಿಗೆ ಕಣ್ರೀ, ಅಂಗಿ ಅರಿದ್ರೂ ಗುಂಡಿ ಬೀಳಾಕಿಲ್ಲ, ಕತ್ತರಿಯ ದಪ್ಪ ತುದಿ ಅದರಡಿ ತೂರಲೇ ಇಲ್ಲ, ಗೇಟು ಕಿರ್ರೆಂದಿತು, ಅಂಗಿಯನ್ನು ಹಾಗೇ ಬೊಂತೆಯ ಪದರದೊಳಗೆ ಹರಡಿ ಮೇಲೆ ಸೀರೆ ಎಳೆದು ಮುಚ್ಚಿದಳು. ಈಗ ಅತ್ತೆ ಅಂಗೈಯಿಂದ ಬೊಂತೆ ಸವರುತ್ತಿದ್ದಾರೆ, ಪ್ರತಿ ಸಾಲು ಮುಗಿದ ಮೇಲೂ ಸವರುತ್ತಾರೆ, ಎಲ್ಲಾದರೂ ಗಂಟು ಸಿಕ್ಕರೆ ಕೂಸಿಗೆ ಒತ್ತುತ್ತೆ, ಬಿಚ್ಚು ಎನ್ನುತ್ತಾರೆ, ಏನಮ್ಮಾ, ಎಂಎ ಓದ್ದೋಳು ಇಷ್ಟು ದೂರ ದೂರ ಆಕಿದ್ದೀಯ ಒಲಿಗೇನ, ನಡುವೆ ಬೇತಮಂಗಲದ ಬಸ್ ಓಗ್ತದೆ, ಅವಳು ನಗಬೇಕು, ತುಟಿ ಅಲುಗುತ್ತಿಲ್ಲ, ಕೈ ಹತ್ತಿರ ಬಂತು, ಇನ್ನೂ ಹತ್ತಿರ, ಮುಖ ನೋಡಬಾರದು, ಕೈ ನೋಡು, ಬಳೆ ನೋಡು — ನಿಂತಿತು. ಬಿಚ್ಚು ಎನ್ನಲಿಲ್ಲ. ತೋರುಬೆರಳು ಸೀರೆಯ ಮೇಲಿಂದಲೇ ಗುಂಡಿಯ ಸುತ್ತ ಒಂದು ಸುತ್ತು ಬಂತು, ಇನ್ನೊಂದು ಸುತ್ತು, ಹೇಳಬೇಕು, ಏನೆಂದು ಹೇಳುವುದು, ಅತ್ತೆ, ನಾನು — ಇಲ್ಲಿ ಸೂಜಿ ಆಕಬ್ಯಾಡ, ಸುತ್ತ ಒಲಿ, ಗಟ್ಟಿಯಾಗಿ ಒಲಿ, ಅಂದರು ಅತ್ತೆ, ಕೈ ಮಾತ್ರ ತೆಗೆಯಲಿಲ್ಲ, ಸಹನ ದಾರ ಪೋಣಿಸಿ ಆಯಿತು, ಗಂಟು ಹಾಕಿ ಆಯಿತು, ಇನ್ನೂ ತೆಗೆಯಲಿಲ್ಲ, ಬೆರಳು ಗುಂಡಿಯ ಮೇಲೆ, ಗುಂಡಿಯ ಮೇಲೆ ಬೆರಳು, ಬೆರಳು