ಮೂರನೇ ಹಂತದ ಬಾಟಿಕ್

ನನ್ನ ಆಟ ಯಾರಿಗಾದರೂ ನಿಜವಾಗಿ ಹಿಡಿಸಿತೇ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಯೋಗ್ಯಕಾರ್ತದ ನಮ್ಮ ಓಣಿಯಲ್ಲಿ ಯಾರೂ ಎದುರಿಗೆ ಚೆನ್ನಾಗಿಲ್ಲ ಎನ್ನುವುದಿಲ್ಲ. ಬಾಟಿಕ್ ಬಟ್ಟೆಯ ಚಿತ್ತಾರದ ತುಂಡುಗಳನ್ನು ಜೋಡಿಸುವ ನನ್ನ ಮೊದಲ ಮೊಬೈಲ್ ಆಟ ಬೆಳಿಗ್ಗೆ ಬಿಡುಗಡೆಯಾಯಿತು. ಅಮ್ಮ ಶುಭದಿನಗಳಲ್ಲಿ ಮಾಡುವ ಹಳದಿ ಅನ್ನದ ಗೋಪುರ ಮಾಡಿ ನೆರೆಯವರನ್ನು ಕರೆದಳು. ಬಂದವರೆಲ್ಲ ಆಗಲೇ ಆಟಕ್ಕೆ ಐದು ನಕ್ಷತ್ರ ಕೊಟ್ಟಿದ್ದರು.

“ಎಲ್ಲೀವರೆಗೆ ಹೋದ್ರಿ, ಬುಲಿಕ್?” ಎಂದು ಚಿಕ್ಕಮ್ಮನನ್ನು ಕೇಳಿದೆ.

“ಮೂರನೇ ಹಂತಕ್ಕೆ ಕಣೇ. ನನ್ನ ಬೆರಳು ದಪ್ಪ ನೋಡು.”

“ನನ್ ಫೋನಿಗೂ ವಯಸ್ಸಾಯ್ತು, ಮೂರಕ್ಕೇ ಕೂತ್ಬಿಡ್ತು,” ಎಂದರು ಪಕ್ಕದ ಮನೆಯ ಪಾ ವಾರ್ಸಿತೊ.

ಉಳಿದವರೂ ಅಲ್ಲೇ ನಿಂತಿದ್ದರು. ತಪ್ಪು ಇವರದೋ, ನನ್ನದೋ? ಚಿಕ್ಕಮ್ಮನ ಫೋನಿನಲ್ಲಿ ಆಡಿ ನೋಡಿದೆ. ತುಂಡುಗಳೆಲ್ಲ ಮುಗಿದರೂ ಒಂದು ಜಾಗ ಖಾಲಿಯೇ ಉಳಿಯಿತು.

“ಏನೇ, ನಿಂದೂ ಬೆರಳು ದಪ್ಪಾನಾ?”

“ಇಲ್ಲ ಬುಲಿಕ್,” ಎಂದೆ, ಎಲ್ಲರಿಗೂ ಕೇಳುವಂತೆ. “ಒಂದು ತುಂಡು ಹಾಕೋದನ್ನೇ ನಾನು ಮರೆತಿದೀನಿ.”