ಮಲ್ಲಿಗೆಗೆ ಮಚ್ಚು ತೋರಿಸಿದ್ದು

ಗುಂಡ್ಲುಪೇಟೆಯ ಬಾಡಿಗೆ ಮನೆಯ ಹಿತ್ತಲಲ್ಲಿ ಶಿವಲಕ್ಷ್ಮಿ ಸಾಕಿದ ದುಂಡುಮಲ್ಲಿಗೆ ಮೂರು ವರ್ಷಕ್ಕೆ ಎದೆಮಟ್ಟ ಬೆಳೆದಿತ್ತು. ಹೂವು ಮಾತ್ರ ಒಂದೂ ಇಲ್ಲ. ಹರವೆಯ ತವರಿನಿಂದ ಅವ್ವ ತಂದುಕೊಟ್ಟ ಗಿಡ ಅದು. ಕೊಟ್ಟ ವರ್ಷವೇ, ತೊಂಬತ್ತೊಂದರಲ್ಲಿ, ಅವ್ವ ತೀರಿಕೊಂಡಳು. ತವರಿನ ಆ ಹೂವಿನ ಘಮ ಇನ್ನೊಮ್ಮೆ ಸಿಕ್ಕರೆ ಅವ್ವನೇ ಸಿಕ್ಕಂತೆ ಎಂದುಕೊಂಡು ಶಿವಲಕ್ಷ್ಮಿ ಅಕ್ಕಿ ತೊಳೆದ ನೀರು, ಸಗಣಿ ಗೊಬ್ಬರ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಒಂದು ಕುಡಿ ಚಿವುಟಲೂ ಯಾರನ್ನೂ ಬಿಡಲಿಲ್ಲ. ಗಿಡ ತಿಂದುಂಡು ಕೊಬ್ಬಿತು, ಅಷ್ಟೆ.

ಪಕ್ಕದ ಮನೆಯ ಮುದುಕಿ ಚಿಕ್ಕನಿಂಗಮ್ಮ ಒಂದು ಉಪಾಯ ಹೇಳಿದಳು. ಹೂ ಬಿಡದ ಗಿಡವನ್ನು ಹೆದರಿಸಬೇಕು. ಗಂಡ ಮಚ್ಚು ಹಿಡಿದು ಕಡಿಯಲು ಬರಬೇಕು. ಹೆಂಡತಿ ಅಡ್ಡ ಬಂದು, ಈ ಸಲ ಬಿಟ್ಟುಬಿಡಿ, ಮುಂದೆ ಹೂ ಕೊಡುತ್ತದೆ ಎಂದು ಜಾಮೀನು ನಿಲ್ಲಬೇಕು. ಕೇಳಿಸಿಕೊಂಡ ಗಿಡಕ್ಕೆ ನಾಚಿಕೆಯಾಗುತ್ತದಂತೆ.

ಗಂಡ ನಾಗಯ್ಯ ಕಚೇರಿಯೊಂದರಲ್ಲಿ ಜವಾನ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಆಸಾಮಿ. ನಾಟಕವೆಂಬುದು ಅವನ ಜಾತಕದಲ್ಲೇ ಇರಲಿಲ್ಲ. ಸಂಕ್ರಾಂತಿ ಕಳೆದ ಭಾನುವಾರ ಮಚ್ಚನ್ನು ನಿಜಕ್ಕೂ ಮಸೆದುಕೊಂಡೇ ಬಂದ.

“ಊವ ಬುಡ್ದಿದ್ ಮ್ಯಾಲ ನೀ ಇದ್ದೇನ್ಲಾ ಬಂತು? ಕಡ್ದಾಕ್ಬುಡ್ತೀನಿ,” ಎಂದು ಗಿಡವನ್ನು ಗದರಿದ.

ಈಗ ಶಿವಲಕ್ಷ್ಮಿಯ ಸರದಿ. ಬಾಯಿ ತೆರೆದಳು. ಅವ್ವ ಈ ಗಿಡಕ್ಕೆ ಸೆರಗು ಮುಚ್ಚಿಕೊಂಡು ಬಸ್ಸಿಳಿದದ್ದು ಕಣ್ಣಿಗೆ ಕಟ್ಟಿತು, ಮಾತೇ ಹೊರಡಲಿಲ್ಲ. ನಾಗಯ್ಯ ಕಾದ. ಇವಳು ತಡೆಯಲಿಲ್ಲವೆಂದರೆ ಕಡಿಯಲಿ ಎಂದೇ ಇರಬೇಕು ಅಂದುಕೊಂಡ. ಅವಳು ಓಡಿ ಬಂದು ಕೈ ಹಿಡಿಯುವಷ್ಟರಲ್ಲಿ ಮೊಣಕಾಲುದ್ದದ ಮೋಟು ಉಳಿದಿತ್ತು.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಊಟ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವ್ವನನ್ನು ಎರಡನೆಯ ಸಲ ಕಳೆದುಕೊಂಡ ಸಂಕಟ. ಹೊತ್ತಿಗೆ ಬಾಯಿ ಬಿಡದ ತನ್ನ ಮೇಲೂ ಕೋಪ. ನಾಗಯ್ಯ ಪಾಪ, ದಿನಾ ಬೆಳಿಗ್ಗೆ ಮೋಟಿನ ಬುಡಕ್ಕೆ ಒಂದು ಚೊಂಬು ನೀರು ಹುಯ್ದು ಕಳ್ಳನಂತೆ ಜಾಗ ಖಾಲಿ ಮಾಡುತ್ತಿದ್ದ.

ತಿಂಗಳೊಳಗೆ ಮೋಟು ಚಿಗುರಿತು. ಯುಗಾದಿ ಹತ್ತಿರವಾದಂತೆ ಚಿಗುರಿನ ತುದಿಗಳಲ್ಲೆಲ್ಲ ಮೊಗ್ಗು. ಚಿಕ್ಕನಿಂಗಮ್ಮ ತನ್ನ ಬೆದರಿಕೆಯೇ ನಾಟಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಶಿವಲಕ್ಷ್ಮಿಗೆ ನೆನಪಾದದ್ದೇ ಬೇರೆ. ಸಂಕ್ರಾಂತಿ ಕಳೆಯುತ್ತಲೇ ಅವ್ವ ವರ್ಷವರ್ಷವೂ ಮಚ್ಚು ಹಿಡಿದು ತವರಿನ ಮಲ್ಲಿಗೆಯ ಕೊಂಬೆಗಳನ್ನು ಸವರಿಹಾಕುತ್ತಿದ್ದಳು. ಒಲೆಗೆ ಪುಳ್ಳೆ ಬೇಕೇನೋ ಎಂದು ಇವಳು ಆಗ ಅಂದುಕೊಂಡಿದ್ದಳು.

ಹಬ್ಬದ ಸಂಜೆ ಹಿತ್ತಲೆಲ್ಲ ಘಮಘಮ. ಅವ್ವನ ಫೋಟೋಗೆ ಒಂದು ಮಾರು ಹೂವು ಹಾಕಿ, ಉಳಿದದ್ದನ್ನು ಮುಡಿದು, ಶಿವಲಕ್ಷ್ಮಿ ಗಂಡನ ಮುಂದೆ ಕಾಪಿ ಲೋಟ ಇಟ್ಟಳು. ಹೆಚ್ಚುಕಡಿಮೆ ಮೂರು ತಿಂಗಳ ಮೇಲೆ ಮೊದಲ ಸಲ ಅವನ ಮುಖ ನೋಡಿದಳು.

“ಬರೋ ಸಂಕ್ರಾಂತಿಗೂ ಮಚ್ಚು ಮಸ್ಕಂಡ್ ಬನ್ನಿ. ನಾ ಅಡ್ಡ ಬರಕಿಲ್ಲ.”