ನಡುವಿನ ಐದು ಸೆಕೆಂಡು

"ತಪ್ಪು ನನ್ನ ಕಡೆ ಇಲ್ಲ" ಎಂದು ಮೇಲಧಿಕಾರಿಗೆ ಮೂರನೆಯ ಸಲ ಮೇಲ್ ಬರೆದು ಅಳಿಸಿದ. ಬರೆದದ್ದು ನಿಜವೆಂದೇ ಅವನ ನಂಬಿಕೆ. ಆದರೂ ಕಳಿಸಲು ಕೈ ಬರಲಿಲ್ಲ.

ಕೆಳಗಿನ ಕೌಂಟರಿನ ನರ್ಸ್ ಬೆಳಗಿನಿಂದ ನಾಲ್ಕನೆಯ ಸಲ ಫೋನು ಮಾಡಿದಳು. "ಒಂದು ರಕ್ತದ ರಿಪೋರ್ಟ್ ತೆಗೆಯೋಕೆ ಇಷ್ಟು ಹೊತ್ತಾ? ಸಾಲು ಮೆಟ್ಟಿಲಿಗೆ ಬಂದಿದೆ. ಜನ ನನ್ನ ತಲೆ ತಿಂತಿದಾರೆ."

"ನೋಡ್ತಿದೀನಿ ಸಿಸ್ಟರ್."

"ಮೂರು ವಾರದಿಂದ ನೋಡ್ತಾನೇ ಇದೀರಿ."

ಆಸ್ಪತ್ರೆಯ ಮೂರನೇ ಮಹಡಿಯ ಆ ಕೋಣೆಯಲ್ಲಿದ್ದವರು ಇಬ್ಬರೇ. ರಿಪೋರ್ಟ್ ಬೇಕೆಂಬ ಕೋರಿಕೆಯನ್ನು ಮೊದಲು ತೆಗೆದುಕೊಳ್ಳುವ ವೆಬ್ ಸರ್ವರ್ ಅವನದು. ಅದನ್ನು ಹುಡುಕಿ ಕೊಡುವ ಅಪ್ಲಿಕೇಶನ್ ಸರ್ವರ್ ಸಹೋದ್ಯೋಗಿ ಕಡ್ಡಿಯದು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಸಣಕಲನೆಂದು ಕಡ್ಡಿ ಎಂಬ ಅಡ್ಡಹೆಸರಿಟ್ಟವನೂ ಅವನೇ. ಆಗೆಲ್ಲ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಹೋದ ವರ್ಷ ಮೇಲಧಿಕಾರಿಯ ಮುಂದೆ "ಇದು ಇವನದೇ ತಪ್ಪು ಸಾರ್" ಎಂದು ಕಡ್ಡಿ ಬೆರಳು ತೋರಿಸಿದ. ಅಂದಿನಿಂದ ಮಾತಿಲ್ಲ. ಕಡ್ಡಿಯ ಮೇಲ್‌ಗಳು ಕಣ್ಣಿಗೂ ಬೀಳದೆ ಒಂದು ಮೂಲೆ ಸೇರುವಂತೆ ಅವನು ಏರ್ಪಾಟು ಮಾಡಿಕೊಂಡಿದ್ದ. ಅದನ್ನು ಜಾಣತನವೆಂದೂ ತಿಳಿದಿದ್ದ.

ಇವತ್ತು ಸೋತು, ಮೇಲಧಿಕಾರಿ ಕಳಿಸಿದ್ದ ಕಡ್ಡಿಯ ಸರ್ವರಿನ ಲಾಗ್ ದಾಖಲೆಯನ್ನು ತನ್ನದರ ಪಕ್ಕಕ್ಕಿಟ್ಟು ನೋಡಿದ. ಅವನ ಸರ್ವರ್ ಕೋರಿಕೆಯನ್ನು ದಾಟಿಸಲು ಹೊರಟದ್ದು ಹತ್ತನೇ ಸೆಕೆಂಡಿಗೆ. ಕಡ್ಡಿಯದಕ್ಕೆ ಅದು ಸಿಕ್ಕಿದ್ದು ಹದಿನೈದಕ್ಕೆ. ಸಿಕ್ಕ ಕೂಡಲೇ ಉತ್ತರ ಕೊಟ್ಟಿತ್ತು. ಇಬ್ಬರೂ ಸಾಚಾ. ನಡುವೆ ಇದ್ದದ್ದು ಎರಡು ಮೊಳ ತಂತಿ. ಐದು ಸೆಕೆಂಡು ಅಲ್ಲೆಲ್ಲೋ ಯಾರಿಗೂ ಸೇರದೆ ಬಿದ್ದಿತ್ತು.

ತನ್ನ ಸರ್ವರ್ ಯಾರ ಯಾರ ಬಾಗಿಲು ತಟ್ಟುತ್ತದೆಂಬ ಪಟ್ಟಿ ತೆರೆದ. ಕಡ್ಡಿಯ ಎರಡು ಯಂತ್ರಗಳ ವಿಳಾಸಗಳಿದ್ದವು. ಮೊದಲನೆಯದನ್ನು ಕರೆದು ನೋಡಿದ. ಉಸಿರಿಲ್ಲ. ಪ್ರತಿ ಕೋರಿಕೆಯೂ ಮೊದಲು ಅಲ್ಲಿಗೆ ಹೋಗಿ, ಐದು ಸೆಕೆಂಡು ಕಾದು, ಬೇಸತ್ತು ಎರಡನೆಯದರ ಬಳಿ ಹೋಗುತ್ತಿತ್ತು. ಆ ಯಂತ್ರ ನಿಂತಿದ್ದನ್ನು ಕಡ್ಡಿ ನನಗೇಕೆ ಹೇಳಲಿಲ್ಲ? ಸಿಟ್ಟು ನೆತ್ತಿಗೇರಿತು. ಸಾಕ್ಷಿ ಸಿಗಲೆಂದೇ ಮೂಲೆಗೆ ಬಿದ್ದ ಮೇಲ್‌ಗಳನ್ನು ತೆರೆದ.

ಮೂರು ವಾರದ ಹಿಂದಿನದು. "ಹಳೇ ಯಂತ್ರ ನಿನ್ನೆ ಸಂಜೆ ಬಂದ್ ಮಾಡಿದೆ. ನಿನ್ನ ಪಟ್ಟಿಯಿಂದ ತೆಗೆದುಬಿಡು. ಇವತ್ತು ಬೆಳಿಗ್ಗೆ ಅಮ್ಮ ಹೋದ್ಲು. ಹತ್ತು ದಿನ ಬರಲ್ಲ."

ಆ ಹತ್ತು ದಿನ ಬೆನ್ನ ಹಿಂದಿನ ಕುರ್ಚಿ ಖಾಲಿಯಿತ್ತು. ಅವನಿಗೆ ಹಾಯೆನಿಸಿತ್ತು. ಹನ್ನೊಂದನೇ ದಿನ ಕಡ್ಡಿ ಬಂದಾಗ ತಲೆಯನ್ನೂ ಎತ್ತಿರಲಿಲ್ಲ. ಈ ಕೋಣೆಯ ಚಳಿಗೆಂದು ಆ ಅಮ್ಮ ತನಗೆ ಹೆಣೆದುಕೊಟ್ಟ ಸ್ವೆಟರ್ ಆಗಲೂ ತನ್ನ ಮೈಮೇಲಿತ್ತು, ಈಗಲೂ ಇದೆ. ಅದರ ಎಡದೋಳು ಎರಡು ಬೆರಳು ಹೆಚ್ಚು ಉದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಪಟ್ಟಿಯಿಂದ ಆ ವಿಳಾಸವನ್ನು ಅಳಿಸಿದ. ಸ್ವಲ್ಪ ಹೊತ್ತಿಗೆ ಫೋನು ಬಂತು.

"ಪಟಪಟ ಅಂತ ಬರ್ತಿದೆ! ಏನಾಗಿತ್ತು?"

"ತಪ್ಪು ನನ್ನದೇ ಸಿಸ್ಟರ್." ಬೇಕೆಂದೇ ಜೋರಾಗಿ ಹೇಳಿದ. ಹಿಂದೆ ಕೀಬೋರ್ಡಿನ ಸದ್ದು ನಿಂತಿತು.

ಕುರ್ಚಿ ತಿರುಗಿಸಿದ. ಒಂದು ವರ್ಷದಲ್ಲಿ ಕಡ್ಡಿಯ ಹಿಂದಲೆ ಅರ್ಧ ನರೆತಿತ್ತು.

"ಕಡ್ಡಿ, ಅಮ್ಮನ ವಿಷಯ ಈಗ ಓದಿದೆ ಕಣೋ."

ಒಂದು, ಎರಡು, ಮೂರು. ಐದು ಸೆಕೆಂಡೂ ಕಳೆಯಿತು. ಹೋಗಲು ಬೇರೆ ಬಾಗಿಲು ಇರಲಿಲ್ಲ; ಅವನು ಕಾದ.

"ಆ ತೋಳು ಬಿಚ್ಚಿ ಸರಿಮಾಡಿಕೊಡ್ತೀನಿ ಅಂತಿದ್ಲು," ಕಡ್ಡಿ ಗೋಡೆಗೆ ಹೇಳಿದ.

ಉದ್ದನೆಯ ತೋಳು ಅವನ ಅಂಗೈಯನ್ನು ಮುಚ್ಚಿತ್ತು. ಅವನು ಅದನ್ನು ಮಡಚಿಕೊಳ್ಳಲಿಲ್ಲ. ಕಡ್ಡಿಯ ಕುರ್ಚಿ ಕಿರುಗುಟ್ಟಿ, ಅರ್ಧ ತಿರುಗಿ, ನಿಂತಿತು.